ವ್ಯಾಕರಣದ ಪುಸ್ತಕ ಕೊಳ್ಳಲು ಹೋಗುವಾಗ ನಿಮ್ಮ ವಾಕ್ಯಗಳನ್ನೂ ಒಯ್ಯಿರಿ

ಸುಮಾ ಅವರೇ, ಮೂಡಿಗೆರೆ, ಸಕಲೇಶಪುರ ಭಾಗದ ಕಾಫಿ ಬೆಳೆಗಾರರು ನಮ್ಮ ಗುಂಪಿನಲ್ಲಿ ಬರೆದ ಟಿಪ್ಪಣಿಗಳನ್ನು ಸೇರಿಸಿ ಪುಸ್ತಕ ಮಾಡಲು ಹೊರಟಿದ್ದೀರಿ. ಬರಹ ತಿದ್ದಲು ಯಾವ ವ್ಯಾಕರಣದ ಪುಸ್ತಕ ಕೊಳ್ಳಬೇಕು, ಅದನ್ನು ಹೇಗೆ ಬಳಸಬೇಕು ಎಂದು ಕೇಳಿದ್ದೀರಿ. ಹಾಸನದ ಮುದ್ರಣಾಲಯದಲ್ಲಿ ಹಲವು ವರ್ಷ ಕರಡು ತಿದ್ದಿದವನಾಗಿ ನನಗೆ ತಿಳಿದದ್ದನ್ನು ಹೇಳುತ್ತೇನೆ.

ಅಂಗಡಿಗೆ ಬರಿಗೈಯಲ್ಲಿ ಹೋಗಬೇಡಿ. ಹಸ್ತಪ್ರತಿಯಲ್ಲಿ ನಿಮ್ಮನ್ನು ನಿಜವಾಗಿ ತಡೆದು ನಿಲ್ಲಿಸಿದ ನಾಲ್ಕಾರು ವಾಕ್ಯಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಪುಸ್ತಕ ತೆರೆದು ಅವಕ್ಕೆ ಉತ್ತರ ಹುಡುಕಿ. ಕಪಾಟಿನಲ್ಲಿ ಸಾಲುಗಟ್ಟಿ ಕುಳಿತಿರುವುದು ಬಹುಪಾಲು ಪರೀಕ್ಷೆಯ ಕೈಪಿಡಿಗಳು. ‘ದೇವಾಲಯ’ ಯಾವ ಸಂಧಿ ಎಂದು ಅವು ಚೆನ್ನಾಗಿ ಹೇಳಿಕೊಡುತ್ತವೆ. ‘ಹಾಕ ಬೇಕು’ ಎಂದು ಒಡೆದು ಬರೆಯಬಹುದೇ, ‘ಹತ್ತು ಗಿಡ’ವೋ ‘ಹತ್ತು ಗಿಡಗಳು’ವೋ ಎಂದು ಕೇಳಿದರೆ ಸುಮ್ಮನಾಗುತ್ತವೆ. ನಿಮಗೆ ಬೇಕಾದದ್ದು ಈ ಎರಡನೆಯ ಬಗೆಯ ಪ್ರಶ್ನೆಗೆ ಉತ್ತರ ಕೊಡುವ ಪುಸ್ತಕ. ಕೊನೆಯಲ್ಲಿ ಅಕಾರಾದಿ ವಿಷಯಸೂಚಿ ಇಲ್ಲದಿದ್ದರೆ ಕೊಳ್ಳಲೇಬೇಡಿ, ಎಷ್ಟೇ ದೊಡ್ಡವರು ಬರೆದಿರಲಿ.

ನಿಮ್ಮ ಪ್ರಶ್ನೆಗೆ ಗುಂಪಿನಲ್ಲಿ ಒಬ್ಬರು ಕೇಶಿರಾಜನ ‘ಶಬ್ದಮಣಿದರ್ಪಣ’ ಓದಿ ಎಂದಿದ್ದಾರೆ. ಹಳೇಬೀಡಿನಲ್ಲಿ ಹೊಯ್ಸಳರು ಆಳುತ್ತಿದ್ದ 13ನೆಯ ಶತಮಾನದ ಮೇರು ಗ್ರಂಥ ಅದು. ಬಿಡುವಾದಾಗ ಖಂಡಿತ ಓದಿ. ಆದರೆ ಅದು ಹಳಗನ್ನಡದ ವ್ಯಾಕರಣ, ಕಾಳುಮೆಣಸಿನ ಸೊರಗು ರೋಗದ ಟಿಪ್ಪಣಿ ತಿದ್ದಲು ನೆರವಾಗುವುದಿಲ್ಲ. ನನ್ನ ಮೇಜಿನ ಮೇಲೆ ಸದಾ ಇರುವುದು ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’. ಪದಗಳ ಬಗ್ಗೆ ಸಂದೇಹ ಬಂದರೆ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’. ಪ್ರಜಾವಾಣಿಯಲ್ಲಿ ಓದುಗರು ಕೇಳಿದ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರಗಳವು, ಆದ್ದರಿಂದಲೇ ನಮ್ಮಂಥವರ ಸಂದೇಹಗಳು ಅಲ್ಲಿ ಸಿಗುತ್ತವೆ. ಡಿ.ಎನ್. ಶಂಕರ ಭಟ್ಟರ ಪುಸ್ತಕಗಳು ಕನ್ನಡ ವಾಕ್ಯ ತನ್ನದೇ ರೀತಿಯಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಕಣ್ಣು ತೆರೆಸುತ್ತವೆ. ಮಹಾಪ್ರಾಣ ಬಿಟ್ಟು ಬರೆಯುವ ಅವರ ಪದ್ಧತಿಯನ್ನು ಮಾತ್ರ ನಿಮ್ಮ ಪುಸ್ತಕದಲ್ಲಿ ಅನುಸರಿಸಬೇಡಿ; ಪತ್ರಿಕೆ ಓದಿ ರೂಢಿಯಾದ ಬೆಳೆಗಾರರಿಗೆ ‘ಅಭಿವೃದ್ಧಿ’ಯೇ ಬೇಕು. ಜೊತೆಗೆ ಒಂದು ಒಳ್ಳೆಯ ನಿಘಂಟು ಇರಲಿ. ಇಷ್ಟು ಸಾಕು.

ಇನ್ನು ಬಳಸುವ ಬಗೆ. ಮೊದಲ ಪುಟದಿಂದ ಓದಲು ಕೂರಬೇಡಿ. ವಾಕ್ಯ ತೊಡಕಾದಾಗ ಪುಸ್ತಕ ತೆರೆಯಿರಿ. ನೀವು ಗುಂಪಿನಲ್ಲಿ ಹಾಕಿದ ಬೋರ್ಡೋ ದ್ರಾವಣದ (ಮೈಲುತುತ್ತ ಎಂಬ ತಾಮ್ರದ ಲವಣಕ್ಕೆ ಸುಣ್ಣ ಸೇರಿಸಿ ಮಾಡುವ ಶಿಲೀಂಧ್ರನಾಶಕ) ಟಿಪ್ಪಣಿಯನ್ನೇ ನೋಡೋಣ: ‘ಮೈಲುತುತ್ತ ಕರಗಿಸಿ ಸುಣ್ಣ ಅರಳಿಸಿ ಸೋಸಿ ಬೆರೆಸಿ ಸಿಂಪಡಿಸಿ.’ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಹೊಸಬರಿಗೆ ಒಂದು ಕೆಲಸ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು, ಸೋಸಬೇಕಾದದ್ದು ಯಾವುದನ್ನು ಎಂದು ತಿಳಿಯುವುದಿಲ್ಲ. ಕಾರಣ ವ್ಯಾಕರಣದಲ್ಲೇ ಇದೆ. ‘ನೆಟ್ಟು’ ಬೇರೆ, ‘ನೆಡಿ’ ಬೇರೆ. ‘ಕೊಟ್ಟು’ ಬೇರೆ, ‘ಕೊಡಿ’ ಬೇರೆ. ಆದರೆ ‘ಕರಗಿಸಿ’, ‘ಸೋಸಿ’, ‘ಬೆರೆಸಿ’ ಎಂಬ ರೂಪಗಳು ‘ಆ ಕೆಲಸ ಮಾಡಿ ಮುಂದಕ್ಕೆ’ ಎಂಬ ಅರ್ಥಕ್ಕೂ ‘ಹಾಗೆ ಮಾಡಿರಿ’ ಎಂಬ ಆಜ್ಞೆಗೂ ಒಂದೇ. ಕೃದಂತಾವ್ಯಯದ (‘ನೆಟ್ಟು’, ‘ಕೊಟ್ಟು’ ಬಗೆಯ ರೂಪ) ಭಾಗವನ್ನೂ ವಿಧ್ಯರ್ಥದ (‘ನೆಡಿ’, ‘ಕೊಡಿ’ ಎಂಬ ಆಜ್ಞೆಯ ರೂಪ) ಭಾಗವನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಇದು ಸ್ಪಷ್ಟವಾಗುತ್ತದೆ. ಆಮೇಲೆ ತಿದ್ದುವುದು ಸುಲಭ:

‘1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಇನ್ನೊಂದು ಪಾತ್ರೆಯಲ್ಲಿ 1 ಕಿಲೋ ಸುಟ್ಟ ಸುಣ್ಣವನ್ನು ಅರಳಿಸಿ, ಸೋಸಿ, ನೀರು ಸೇರಿಸಿ 50 ಲೀಟರ್ ಮಾಡಿಕೊಳ್ಳಬೇಕು. ಬಳಿಕ ಮೈಲುತುತ್ತದ ನೀರನ್ನು ಕಲಕುತ್ತಾ ಸುಣ್ಣದ ನೀರಿಗೆ ಸುರಿಯಬೇಕು.’

ಪ್ರತಿ ಹಂತಕ್ಕೂ ‘ಬೇಕು’ ಬಂದದ್ದರಿಂದ ವಾಕ್ಯ ಉದ್ದವಾಯಿತು, ನಿಜ. ಆದರೆ ಯಾವುದನ್ನು ಯಾವುದಕ್ಕೆ ಸುರಿಯಬೇಕು ಎಂಬಲ್ಲಿ ತಪ್ಪಿದರೆ ಔಷಧಿಯೇ ಕೆಡುತ್ತದೆ. ಇಂಥ ಕಡೆ ಉದ್ದಕ್ಕೆ ಅಂಜಬೇಡಿ.

ಇದೇ ರೂಪದ ಇನ್ನೊಂದು ತೊಡಕು: ‘ಗೊಬ್ಬರ ಹಾಕಿ ಚಿಗುರು ಬಂದಿತು.’ ಹಾಕಿದವರು ನಾವು, ಬಂದದ್ದು ಚಿಗುರು, ಕರ್ತೃ ಬದಲಾಗಿದೆ. ‘ಗೊಬ್ಬರ ಹಾಕಿದ ಮೇಲೆ ಚಿಗುರು ಬಂದಿತು’ ಎನ್ನಬೇಕು. ‘ಮಳೆ ಬಂದು ಕೆರೆ ತುಂಬಿತು’ ಎಂಬುದು ಮಾತ್ರ ಸರಿಯೇ, ಅಲ್ಲಿ ಮಳೆಯೇ ಕಾರಣ, ಕೆರೆ ತುಂಬಿದ್ದು ಅದರ ಫಲ.

ಕಚೇರಿಯ ಸುತ್ತೋಲೆಗಳಿಂದ ನಮ್ಮ ಬರಹಕ್ಕೆ ಅಂಟಿದ ಕರ್ಮಣಿ ಪ್ರಯೋಗವನ್ನು ಕಂಡಲ್ಲೆಲ್ಲ ಬಿಡಿಸಿ. ‘ಬೆಳೆಗಾರರಿಂದ ಮರಗಸಿ ಮಾಡಲ್ಪಡುತ್ತದೆ’ ಎಂದು ಯಾರೂ ತೋಟದಲ್ಲಿ ಮಾತನಾಡುವುದಿಲ್ಲ (ಮರಗಸಿ ಎಂದರೆ ನೆರಳಿನ ಮರಗಳ ಕೊಂಬೆ ಸವರುವುದು). ‘ಬೆಳೆಗಾರರು ಮರಗಸಿ ಮಾಡುತ್ತಾರೆ’, ಮುಗಿಯಿತು. ‘ಯಾವ ಗಿಡಗಳಿಗೆ ಕಾಂಡಕೊರಕ ತಗುಲಿದೆಯೋ ಆ ಗಿಡಗಳನ್ನು’ ಎಂಬ ಸುತ್ತುಬಳಸು ಬೇಡ, ‘ಕಾಂಡಕೊರಕ ತಗುಲಿದ ಗಿಡಗಳನ್ನು’ ಸಾಕು. ‘ಹತ್ತು ಗಿಡ ನೆಟ್ಟೆವು’ ಎಂಬುದೇ ಸಹಜ, ಸಂಖ್ಯೆ ಹೇಳಿದ ಮೇಲೆ ‘ಗಳು’ ಕಡ್ಡಾಯವಲ್ಲ. ‘ಹಾಕಬೇಕು’, ‘ಕೊಡಬಾರದು’ ಇವನ್ನು ಒಡೆಯಬಾರದು.

ಯಾವ ಪುಸ್ತಕವೂ ಹೇಳದ ಸಂಗತಿಗಳಿಗೆ ನಿಮ್ಮದೇ ಒಂದು ಹಾಳೆ ಮಾಡಿಕೊಳ್ಳಿ. ಕಾಯಿಕೊರಕ ಎನ್ನುತ್ತೀರೋ ಬೆರ್ರಿ ಬೋರರ್ ಎನ್ನುತ್ತೀರೋ, ಕೆಜಿಯೋ ಕಿಲೋವೋ, ಅಂಕಿಯಲ್ಲೋ ಅಕ್ಷರದಲ್ಲೋ: ಒಮ್ಮೆ ತೀರ್ಮಾನಿಸಿ ಬರೆದಿಟ್ಟು, ತಿದ್ದುವವರೆಲ್ಲರಿಗೂ ಒಂದೊಂದು ಪ್ರತಿ ಕೊಡಿ. ಮರಗಸಿ, ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಇಂಥ ಮಲೆನಾಡಿನ ಮಾತುಗಳನ್ನು ನಿಘಂಟಿನಲ್ಲಿ ಸಿಗಲಿಲ್ಲವೆಂದು ಯಾರೂ ಅಳಿಸದಂತೆ ಆ ಹಾಳೆಯಲ್ಲೇ ಮೊದಲು ಬರೆದುಬಿಡಿ. ಬಯಲುಸೀಮೆಯ ಓದುಗರಿಗಾಗಿ ಮೊದಲ ಬಾರಿ ಬಂದಲ್ಲಿ ಅರ್ಥ ಕೊಟ್ಟರಾಯಿತು.

ಕಾಂಡಕೊರಕದ ಅಧ್ಯಾಯ ಸಿದ್ಧವಾದಾಗ ಇಲ್ಲೇ ಹಾಕಿ. ಅದರಲ್ಲೂ ‘ಕಿತ್ತು, ಸುಟ್ಟು, ಬಳಿದು’ ಎಂಬ ಹಂತಗಳು ಸಾಲುಸಾಲಾಗಿ ಬರುತ್ತವೆ, ನಾನೂ ಕುಳಿತು ನೋಡಿಕೊಡುತ್ತೇನೆ.