ಮೂರನೇ ಪುಟದ ಆ ಒಂದು ಸಾಲು

ಈ ವಾರ ಒಂದು ಪತ್ರ ಓದಿದ ಮೇಲೆ ಬೇರೆ ಯಾವುದನ್ನೂ ತೆರೆಯಲು ಮನಸ್ಸಾಗಲಿಲ್ಲ.

ಬರೆದವರು ಮದುವೆಯಾಗಿ 3 ತಿಂಗಳಾದ ಯುವಕ. ಡಿಸೆಂಬರಿನಲ್ಲಿ 6 ದಿನ ಅಂಡಮಾನ್‌ಗೆ ಹನಿಮೂನ್ ಹೋಗಿದ್ದರು. ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಮೂರೂ ಆಯ್ತು. ಮೊದಲೇ ಹೋಗಿಬಂದಿದ್ದ ಸ್ನೇಹಿತನೊಬ್ಬ ಕೊಟ್ಟ ಪಟ್ಟಿ ಕೈಯಲ್ಲಿತ್ತು, ಅದರಲ್ಲಿ ಒಂದೂ ಬಿಟ್ಟಿಲ್ಲ. ಆದರೆ ಕೊನೆಯ ದಿನ ಹೆಂಡತಿ ಅತ್ತರು. ಮನೆಗೆ ಬಂದ ಮೇಲೆ ಕೇಳಿದ್ದಕ್ಕಷ್ಟೇ ಉತ್ತರ. ಈಗ ತವರಿಗೆ ಹೋಗಿ 3 ವಾರವಾಗಿದೆ. "ಇಷ್ಟೆಲ್ಲ ತೋರಿಸಿದೆ ಮೇಡಂ, ಅವಳಿಗೆ ಏನು ಕಮ್ಮಿ ಮಾಡಿದೆ? ಇನ್ನೊಂದು ಟ್ರಿಪ್ ಬುಕ್ ಮಾಡಿದರೆ ಸರಿಹೋಗ್ತಾಳಾ?" ಇದು ಅವರ ಪ್ರಶ್ನೆ.

ನಿಮ್ಮ ಪತ್ರ 4 ಪುಟವಿದೆ. ಮೂರನೇ ಪುಟದಲ್ಲಿ, ಸ್ಕೂಬಾ ಡೈವಿಂಗ್‌ಗೆ ಎಷ್ಟು ದುಡ್ಡಾಯ್ತು ಅಂತ ಹೇಳುವಾಗ ಒಂದು ಸಾಲು ಬರೆದಿದ್ದೀರಿ: "ಅವಳಿಗೆ ಚಿಕ್ಕಂದಿನಿಂದ ಸ್ವಲ್ಪ ಆಸ್ತಮಾ ಇದೆ, ಫಾರ್ಮ್‌ನಲ್ಲಿ ಇಲ್ಲ ಅಂತ ಬರಿ ಅಂದೆ, ಇಲ್ಲದಿದ್ದರೆ ಇಳಿಯಲು ಬಿಡುತ್ತಿರಲಿಲ್ಲ." ಅಷ್ಟು ಹೇಳಿ ನೀವು ಫೋಟೋಗಳ ವಿಷಯಕ್ಕೆ ಹೋಗಿಬಿಟ್ಟಿದ್ದೀರಿ. ನನಗೆ ಆ ಸಾಲು ದಾಟಿ ಮುಂದೆ ಹೋಗಲು ಆಗಲಿಲ್ಲ.

ನೀರಿಗೆ ಇಳಿಸುವ ಮೊದಲು ಆರೋಗ್ಯದ ಬಗ್ಗೆ ಕೇಳುವ ಆ ಫಾರ್ಮ್ ಯಾಕೆ ತುಂಬಿಸಿಕೊಳ್ಳುತ್ತಾರೆ ಗೊತ್ತಾ? ನೀರಿನಲ್ಲಿ 10 ಮೀಟರ್ ಕೆಳಗೆ ಹೋದರೆ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುತ್ತಾ ಹಿಗ್ಗುತ್ತದೆ. ಹೊರಗೆ ಬಿಡದಿದ್ದರೆ ಮೇಲೆ ತಲುಪುವಷ್ಟರಲ್ಲಿ ಎರಡು ಪಟ್ಟು ಜಾಗ ಬೇಡುತ್ತದೆ. ಉಸಿರು ಬಿಗಿಹಿಡಿಯಬೇಡಿ ಅಂತ ಎಲ್ಲರಿಗೂ ಹೇಳುವುದು ಅದಕ್ಕೇ. ಆಸ್ತಮಾ ಇದ್ದವರಿಗೆ ನೀರೊಳಗೆ ಉಸಿರುನಾಳ ಬಿಗಿದುಕೊಂಡರೆ ಗಾಳಿ ಒಳಗೇ ಸಿಕ್ಕಿಕೊಳ್ಳಬಹುದು. ಆಗ ಶ್ವಾಸಕೋಶವೇ ಹರಿಯಬಹುದು. ಸಿಲಿಂಡರಿನ ಒಣ ಗಾಳಿಯಿಂದಲೇ ಕೆಲವರಿಗೆ ಉಬ್ಬಸ ಶುರುವಾಗುತ್ತದೆ. ಆಸ್ತಮಾ ಇದ್ದವರು ಯಾರೂ ಇಳಿಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆ ಮಾಡಿಸಿ, ವೈದ್ಯರು ಒಪ್ಪಿದ ಮೇಲೆ ಇಳಿಯುವವರಿದ್ದಾರೆ. ಆದರೆ ಆ ಮಾತು ಹೇಳಬೇಕಾದವರು ವೈದ್ಯರು, ನೀವಲ್ಲ.

ಇನ್ನೂ ಒಂದಿದೆ. "ಕೆಳಗೆ ಹೋದಾಗ ನನಗೆ ಹೆಬ್ಬೆರಳು ತೋರಿಸಿದಳು, ನಾನೂ ತೋರಿಸಿದೆ, ಖುಷಿಯಾಗೇ ಇದ್ದಳು, ಆಮೇಲೆ ಸುಮ್ನೆ ಮೇಲೆ ಹೋಗಿಬಿಟ್ಟಳು" ಅಂದಿದ್ದೀರಿ. ನೀರೊಳಗೆ ಹೆಬ್ಬೆರಳು ಎತ್ತಿದರೆ 'ಸೂಪರ್' ಅಂತ ಅಲ್ಲ ರೀ. 'ಮೇಲೆ ಹೋಗಬೇಕು' ಅಂತ. ಚೆನ್ನಾಗಿದ್ದೇನೆ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಇಳಿಯುವ ಮೊದಲೇ ಇದನ್ನು ಹೇಳಿಕೊಡುತ್ತಾರೆ. ಅವರು ಗಮನವಿಟ್ಟು ಕಲಿತಿದ್ದರು. ಭಯವಾದಾಗ ಮೊದಲು ತಿರುಗಿದ್ದು ನಿಮ್ಮ ಕಡೆಗೆ. ನೀವು ಹೆಬ್ಬೆರಳು ಎತ್ತಿ ತೋರಿಸಿ ಕ್ಯಾಮೆರಾ ಕಡೆ ನೋಡಿದಿರಿ. ಮೇಲೆ ಕರೆದುಕೊಂಡು ಹೋದದ್ದು ಇನ್‌ಸ್ಟ್ರಕ್ಟರ್.

ನಿಮಗಿಂತ ಜಾಸ್ತಿ ಕೋಪ ನನಗೆ ನಿಮ್ಮ ಸ್ನೇಹಿತನ ಮೇಲೆ ಬಂದಿದೆ. "ಫಾರ್ಮ್‌ನಲ್ಲಿ ಎಲ್ಲದಕ್ಕೂ ಇಲ್ಲ ಅಂತ ಹಾಕು, ಯಾರೂ ನೋಡಲ್ಲ" ಅಂದದ್ದು ಆತ. ಕಾಲಾಪತ್ಥರ್ ಬೀಚಿಗೆ ಕತ್ತಲಿರುವಾಗಲೇ ಎಬ್ಬಿಸಿಕೊಂಡು ಹೋಗು ಅಂದದ್ದೂ ಆತ. ಸೆಲ್ಯುಲರ್ ಜೈಲಿನ 7 ಕವಲುಗಳಲ್ಲಿ ಈಗ ಉಳಿದಿರುವುದು 3. ಅಷ್ಟನ್ನೂ ಮುಕ್ಕಾಲು ಗಂಟೆಯಲ್ಲಿ ಮುಗಿಸಿಬಿಡು ಅಂತ ಪಟ್ಟಿಯಲ್ಲಿ ಬರೆದುಕೊಟ್ಟಿದ್ದಾನಂತೆ! ಹಿಂದೆಯೂ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ಹನಿಮೂನ್‌ಗೆ ಮೂರನೆಯವರ ಪಟ್ಟಿ ಒಯ್ಯಬೇಡಿ. ಆ ಪಟ್ಟಿ ಮಾಡಿದವನಿಗೆ ನಿಮ್ಮ ಹೆಂಡತಿ ಯಾರು ಅಂತಲೇ ಗೊತ್ತಿರುವುದಿಲ್ಲ.

ಅವರಿಗೆ ಏನು ಬೇಕಿತ್ತು ಅನ್ನುವುದೂ ನಿಮ್ಮ ಪತ್ರದಲ್ಲೇ ಇದೆ. ರಾಧಾನಗರ ಬೀಚಿನಲ್ಲಿ ಮರಳಿನ ಮೇಲೆ ಕೂತು "ಇನ್ನೂ ಸ್ವಲ್ಪ ಹೊತ್ತು ಇರೋಣ" ಅಂದರು. ಇಡೀ ಪ್ರವಾಸದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಕತ್ತಲಾಯ್ತು ಅಂತ ಎಬ್ಬಿಸಿದಿರಿ. ಡಿಸೆಂಬರಿನಲ್ಲಿ ಅಲ್ಲಿ 5 ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ ಲೆಕ್ಕದ್ದು, ಅಂಡಮಾನ್ ಅದಕ್ಕಿಂತ ಸುಮಾರು 10 ಡಿಗ್ರಿ ಪೂರ್ವಕ್ಕಿದೆ, ಹಾಗಾಗಿ ಅಲ್ಲಿ ಬೆಳಗೂ ಬೇಗ, ಕತ್ತಲೂ ಬೇಗ. ಕತ್ತಲಾಗಿತ್ತು ನಿಜ, ಆದರೆ ಹೊತ್ತಾಗಿರಲಿಲ್ಲ. ಸೂರ್ಯ ಮುಳುಗಿದ ಮೇಲೂ ಆಕಾಶದಲ್ಲಿ ಬಣ್ಣ ಉಳಿದಿರುತ್ತದೆ. ಅದನ್ನು ನೋಡುತ್ತಾ ಅವರ ಪಕ್ಕದಲ್ಲಿ 10 ನಿಮಿಷ ಕೂರಬಹುದಿತ್ತು ಅಲ್ವಾ?

ನೀವು ಕೆಟ್ಟವರು ಅಂತ ನನಗೆ ಅನಿಸಿಲ್ಲ. ಕೆಟ್ಟವರಾಗಿದ್ದರೆ ಫಾರ್ಮ್ ವಿಷಯ ಬರೆಯುತ್ತಲೇ ಇರಲಿಲ್ಲ. ಎಲ್ಲೋ ಒಂದು ಕಡೆ ಅದು ನಿಮ್ಮನ್ನೂ ಚುಚ್ಚುತ್ತಿದೆ.

ಟ್ರಿಪ್ ಬುಕ್ ಮಾಡಬೇಡಿ. ಫೋನಿನಲ್ಲೂ ಹೇಳಬೇಡಿ, ಮೆಸೇಜ್ ಕೂಡ ಬೇಡ. ಈ ಭಾನುವಾರ ಅವರ ತವರಿಗೆ ಹೋಗಿ. ಇಬ್ಬರೇ ಇರುವಾಗ ಹೇಳಿ: "ಅವತ್ತು ನಿನ್ನ ಕೈಯಲ್ಲಿ ಇಲ್ಲ ಅಂತ ಬರೆಸಿದ್ದು ನನ್ನ ತಪ್ಪು. ನೀರೊಳಗೆ ನೀನು ಕರೆದದ್ದು ನನಗೆ ತಿಳಿಯಲಿಲ್ಲ." ಅದರ ಹಿಂದೆ 'ಆದರೆ' ಸೇರಿಸಬೇಡಿ. ದುಡ್ಡಿನ ಮಾತು ತೆಗೆಯಬೇಡಿ. ಅವರು ಅತ್ತರೆ ಅಳಲಿ, ಬೈದರೆ ಬೈಯಲಿ, ಸುಮ್ಮನಿದ್ದರೆ ನೀವೂ ಸುಮ್ಮನೆ ಪಕ್ಕದಲ್ಲಿ ಕೂತಿರಿ. ವಾಪಸ್ ಯಾವಾಗ ಬರ್ತೀಯ ಅಂತ ಮಾತ್ರ ಅವತ್ತು ಕೇಳಬೇಡಿ. ಅವರ ಇನ್‌ಹೇಲರ್ ಯಾವುದು, ಎಲ್ಲಿಡುತ್ತಾರೆ, ಉಬ್ಬಸ ಬಂದಾಗ ಏನು ಮಾಡಬೇಕು ಅಂತ ಕೇಳಿ ತಿಳಿದುಕೊಂಡು ಬನ್ನಿ.