ಸಿಡ್ನಿಯಲ್ಲಿ ಗ್ರೇಹೌಂಡ್ ಓಟದ ನಾಯಿಯಲ್ಲಿ ಪಾಲು ಕೊಳ್ಳಬೇಕೆಂದಿದ್ದೇನೆ. ತರಬೇತುದಾರ ಒಳ್ಳೆಯವನಾಗಿದ್ದರೆ ಇದರಲ್ಲಿ ತಪ್ಪೇನಿದೆ?

ಕೊಳ್ಳಬೇಡಿ. ಕಚೇರಿಯ ನಾಲ್ಕೈದು ಜನ ಸೇರಿ ಒಂದು ನಾಯಿ, ಖರ್ಚು ಹಂಚಿಕೆ, ಗೆದ್ದರೆ ಬಹುಮಾನ, ಓಟ ಮುಗಿದ ಮೇಲೆ ದತ್ತು ಕೊಟ್ಟರಾಯಿತು ಎಂದು ಬರೆದಿದ್ದೀರಿ. 2017ರಲ್ಲಿ ನಾನು ನನ್ನ ಹೆಂಡತಿಯ ಮುಂದೆ ಹೇಳಿದ್ದೂ ಅಕ್ಷರಶಃ ಇದನ್ನೇ.

ನಾನು ಬಾಗಲಕೋಟೆ ಕಡೆಯವನು. ಮುಧೋಳ ನಾಯಿಗಳನ್ನು ನೋಡುತ್ತ ಬೆಳೆದವನಿಗೆ ಗ್ರೇಹೌಂಡ್ ಪರಕೀಯ ಅನ್ನಿಸುವುದಿಲ್ಲ. ಅದೇ ಉದ್ದ ಮೂತಿ, ಅದೇ ಒಳಸೇರಿದ ಹೊಟ್ಟೆ, ದೂರದಲ್ಲಿ ಏನಾದರೂ ಅಲುಗಿದರೆ ಸೆಟೆದು ನಿಲ್ಲುವ ಅದೇ ಕತ್ತು. ಸಹೋದ್ಯೋಗಿಯೊಬ್ಬರು ಮೊಬೈಲಿನಲ್ಲಿ ಟಿಲ್ಲಿ ಎಂಬ ಓಟದ ನಾಯಿಯ ಫೋಟೊ ತೋರಿಸಿದಾಗಲೇ ನನ್ನ ಮನಸ್ಸು ಸೋತಿತ್ತು.

ಹಗರಣ ನನಗೆ ಗೊತ್ತಿರಲಿಲ್ಲ ಎಂದಲ್ಲ. 2015ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಎಬಿಸಿ ವಾಹಿನಿ ಗುಪ್ತ ಕ್ಯಾಮೆರಾದ ದೃಶ್ಯಗಳನ್ನು ತೋರಿಸಿತ್ತು. ಓಟದ ನಾಯಿಗಳಿಗೆ ಬೇಟೆಯ ರುಚಿ ಹತ್ತಿಸಲು ಜೀವಂತ ಹಂದಿಮರಿ, ಪೋಸಮ್ ಎಂಬ ಪುಟ್ಟ ಕಾಡುಪ್ರಾಣಿ, ಮೊಲಗಳನ್ನು ಕಟ್ಟಿ ಅವುಗಳ ಮೇಲೆ ನಾಯಿಗಳನ್ನು ಬಿಡುತ್ತಿದ್ದರು. ಅದರ ನಂತರ ಸಿಡ್ನಿ ಇರುವ ರಾಜ್ಯವಾದ ನ್ಯೂ ಸೌತ್ ವೇಲ್ಸ್‌ನ ಸರ್ಕಾರ ಮಾಜಿ ನ್ಯಾಯಮೂರ್ತಿ ಮೈಕಲ್ ಮೆಕ್‌ಹ್ಯೂ ಅವರ ವಿಚಾರಣಾ ಆಯೋಗವನ್ನು ನೇಮಿಸಿತು. 2016ರ ಜುಲೈನಲ್ಲಿ ವರದಿ ಹೊರಬಿದ್ದ ದಿನವೇ ಪ್ರೀಮಿಯರ್ (ಅಂದರೆ ರಾಜ್ಯದ ಮುಖ್ಯಮಂತ್ರಿ) ಮೈಕ್ ಬೇರ್ಡ್ ಈ ಓಟವನ್ನೇ ನಿಷೇಧಿಸುವುದಾಗಿ ಘೋಷಿಸಿದರು. ಅಕ್ಟೋಬರ್ ಹೊತ್ತಿಗೆ ಒತ್ತಡಕ್ಕೆ ಮಣಿದು ಅದನ್ನು ಹಿಂತೆಗೆದುಕೊಂಡರು. ಇಷ್ಟು ಬಿಸಿ ಮುಟ್ಟಿದ ಮೇಲೆ ಉಳಿದವರು ಒಳ್ಳೆಯವರೇ ಇರುತ್ತಾರೆ ಎಂದು ನಾನು ತೀರ್ಮಾನಿಸಿದೆ. ನೀವೂ ಅದನ್ನೇ ನಂಬಿದ್ದೀರಿ, "ಈಗೆಲ್ಲ ಸುಧಾರಣೆಯಾಗಿದೆಯಲ್ಲ" ಎಂಬ ನಿಮ್ಮ ಸಾಲಿನಲ್ಲಿ ಅದು ಕಾಣುತ್ತದೆ.

ನಮ್ಮ ತರಬೇತುದಾರ ನಿಜಕ್ಕೂ ಒಳ್ಳೆಯ ಮನುಷ್ಯ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆ ನಿಂತಿರುವುದೇ ಅದರ ಮೇಲೆ. ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಮಾಂಸ ಬೇಯಿಸುತ್ತಿದ್ದರು. ಓಡಿ ಬಂದ ನಾಯಿಯ ಒಂದೊಂದೇ ಸ್ನಾಯುವನ್ನು ಹೆಬ್ಬೆರಳಿನಿಂದ ಒತ್ತಿ, ಅದು ಎಲ್ಲಿ ಬೆಚ್ಚುತ್ತದೆ ಎಂದು ನೋಡುತ್ತಿದ್ದರು. ಅವರ ಕೆನಲ್‌ನಲ್ಲಿ, ಅಂದರೆ ನಾಯಿಗಳನ್ನು ಇಡುವ ಶೆಡ್‌ನಲ್ಲಿ, ಯಾವ ಮೊಲವೂ ಇರಲಿಲ್ಲ. ಟಿಲ್ಲಿ ಅವರನ್ನು ಕಂಡರೆ ಬಾಲದಿಂದ ತಗಡಿನ ಗೋಡೆಯನ್ನು ಬಡಿಯುತ್ತಿದ್ದಳು.

ಈಗ ನನ್ನ ತಪ್ಪಿನ ವಿಚಾರ. ಟಿಲ್ಲಿಯನ್ನು ಕೊಂಡ ಪಾಲುದಾರರ ಕೂಟದ (ಸಿಂಡಿಕೇಟ್) ಒಪ್ಪಂದಕ್ಕೆ ಸಹಿ ಹಾಕುವಾಗ ಬಹುಮಾನದಲ್ಲಿ ಯಾರಿಗೆ ಶೇಕಡಾ ಎಷ್ಟು, ತಿಂಗಳ ಖರ್ಚು ಎಷ್ಟು ಎಂಬ ಪುಟವನ್ನು ಕೂಲಂಕಷವಾಗಿ ಓದಿದೆ. ಚಿಕಿತ್ಸೆ, ನಿವೃತ್ತಿ, ದಯಾಮರಣ ಈ ಮೂರರ ನಿರ್ಧಾರವೂ ಕೂಟದ ವ್ಯವಸ್ಥಾಪಕರಿಗೆ ಸೇರಿದ್ದು ಎಂಬ ಷರತ್ತಿನ ಮೇಲೆ ಕಣ್ಣಾಡಿಸಿ ಮುಂದೆ ಹೋದೆ. ಯಾರಾದರೊಬ್ಬರು ನೋಡಿಕೊಳ್ಳಬೇಕಲ್ಲ, ಅನುಭವಸ್ಥರೇ ನೋಡಿಕೊಳ್ಳಲಿ ಎಂದುಕೊಂಡೆ. ಪಾಲು ಕೊಂಡವನು ಮಾಲೀಕ, ಮಾಲೀಕನನ್ನು ಕೇಳದೆ ಯಾರೂ ಏನೂ ಮಾಡುವುದಿಲ್ಲ ಎಂಬುದು ನನ್ನ ಎಣಿಕೆ. ಅದು ಪೂರ್ತಿ ಸುಳ್ಳು. ನಾನು ಕೊಂಡದ್ದು ಬಹುಮಾನದ ಒಂದು ತುಂಡನ್ನು. ಆ ನಾಯಿಯ ಬದುಕಿನ ಮೇಲೆ ನನಗೆ ಯಾವ ಹಕ್ಕೂ ಬಂದಿರಲಿಲ್ಲ. ಚಿಕಿತ್ಸೆಯ ಖರ್ಚು ಇಷ್ಟು ದಾಟಿದರೆ ಎಲ್ಲ ಪಾಲುದಾರರಿಗೂ ಫೋನ್ ಮಾಡಬೇಕು, ಯಾರಾದರೂ ಒಬ್ಬರು ವೆಚ್ಚ ಹೊರಲು ಸಿದ್ಧರಿದ್ದರೆ ನಾಯಿ ಅವರಿಗೆ ಸೇರಬೇಕು ಎಂದು ಒಂದು ಸಾಲು ಸೇರಿಸಿ ಎಂದು ಕೇಳಬಹುದಿತ್ತು. ಕೇಳಿದ್ದರೆ ಬೇಡವೆನ್ನುವವರು ಅಲ್ಲಿ ಯಾರೂ ಇರಲಿಲ್ಲ. ಹೊಸಬ, ಅತಿ ಜಾಣತನ ತೋರಿಸುತ್ತಾನೆ ಎಂದುಕೊಂಡಾರು ಎಂಬ ಸಂಕೋಚಕ್ಕೆ ಬಾಯಿ ಮುಚ್ಚಿಕೊಂಡೆ.

ಒಂದು ಸಂಜೆಯ ಓಟದಲ್ಲಿ ಟಿಲ್ಲಿಗೆ ನಾಲ್ಕನೆಯ ಬಾಕ್ಸ್ (ಓಟ ಶುರುವಾಗುವ ಗೂಡು), ನೀಲಿ ಹೊದಿಕೆ. ಇಲ್ಲಿ ಓಟಕ್ಕೆ ಎಂಟು ನಾಯಿಗಳು. ಬಾಗಿಲು ಮೇಲೆದ್ದ ಕ್ಷಣದಲ್ಲೇ ಎಂಟೂ ನಾಯಿಗಳು ಒಳಗಿನ ಕಂಬಿಯ ಗುಂಟ ಓಡುವ ಕೃತಕ ಮೊಲದತ್ತ ನುಗ್ಗುತ್ತವೆ, ಗಂಟೆಗೆ 60 ಕಿಲೋಮೀಟರ್ ಮೀರಿದ ವೇಗದಲ್ಲಿ. ಎಂಟಕ್ಕೂ ಬೇಕಾದದ್ದು ಒಂದೇ ಜಾಗ. ಮೊದಲ ತಿರುವಿನಲ್ಲಿ ಹೊರಗಿನಿಂದ ಗುಲಾಬಿ ಹೊದಿಕೆಯ ನಾಯಿ ಒಳಕ್ಕೆ ಬಂತು, ಟಿಲ್ಲಿ ಮಗುಚಿ ಬಿದ್ದಳು, ಎದ್ದು ಮೂರು ಕಾಲಿನ ಮೇಲೆ ಓಡಲು ನೋಡಿದಳು. ಅಷ್ಟರಲ್ಲಿ ಉಳಿದವು ಗೆರೆ ದಾಟಿದ್ದವು, ಪರದೆಯ ಮೇಲೆ ಮುಂದಿನ ಓಟದ ಬಾಜಿಯ ದರಗಳು ಬಂದಿದ್ದವು.

ನಾನು ಹಿಂಬದಿಗೆ ಓಡಿದೆ. ಪರವಾನಗಿ ಇಲ್ಲದವರಿಗೆ ಕೆನಲ್ ಆವರಣದೊಳಗೆ ಪ್ರವೇಶವಿಲ್ಲ ಎಂದು ಬಾಗಿಲಲ್ಲೇ ತಡೆದರು. ಮಾಲೀಕ ಎಂದೆ. ಇಲ್ಲ ಎಂದರು. ತರಬೇತುದಾರರು ಹೊರಗೆ ಬಂದಾಗ ಅವರ ಕೈಯಲ್ಲಿ ಬರಿಯ ಕೊರಳಪಟ್ಟಿ ಇತ್ತು. ವ್ಯವಸ್ಥಾಪಕರು ಫೋನಿನಲ್ಲೇ ಒಪ್ಪಿಗೆ ಕೊಟ್ಟಿದ್ದರು. ಆ ತರಬೇತುದಾರರು ಅಳುತ್ತಿದ್ದರು. ಮರುದಿನ ಸ್ಟುವರ್ಡ್‌ಗಳ, ಅಂದರೆ ಓಟದ ಮೇಲ್ವಿಚಾರಕರ, ವರದಿಯಲ್ಲಿ ಒಂದು ಸಾಲು ಇತ್ತು: ಬಲ ಹಿಂಗಾಲಿನ ಹರಡಿನ (ಪಾದದ ಮೇಲಿನ ಕೀಲಿನ) ಮುರಿತ, ದಯಾಮರಣ.

ಹರಡಿನ ಆ ಮುರಿತದ ಬಗ್ಗೆ ಆಮೇಲೆ ಓದಿದೆ. ಇಲ್ಲಿ ಓಟ ಸದಾ ಎಡಕ್ಕೆ ತಿರುಗುತ್ತದೆ, ತಿರುವಿನ ಒತ್ತಡ ಬಲ ಹಿಂಗಾಲಿನ ಹರಡಿನ ನಡುವಿನ ಪುಟ್ಟ ಮೂಳೆಯ ಮೇಲೆ ಮತ್ತೆ ಮತ್ತೆ ಬೀಳುತ್ತದೆ. ಪಶುವೈದ್ಯರಿಗೆ ಇದು ಓಟದ ಗ್ರೇಹೌಂಡ್‌ಗಳ ಚಿರಪರಿಚಿತ ಗಾಯ. ಎಷ್ಟೋ ಪ್ರಕರಣಗಳಲ್ಲಿ ಸ್ಕ್ರೂ ಹಾಕಿ ಮೂಳೆ ಕೂಡಿಸಬಹುದು. ಟಿಲ್ಲಿಗೆ ಮೂರು ವರ್ಷವೂ ತುಂಬಿರಲಿಲ್ಲ, ಗ್ರೇಹೌಂಡ್‌ಗಳು 12 ವರ್ಷದ ಮೇಲೂ ಬದುಕುತ್ತವೆ.

ಆದ್ದರಿಂದ "ಒಳ್ಳೆಯ ತರಬೇತುದಾರ" ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಟಿಲ್ಲಿಯ ಸುತ್ತ ಇದ್ದವರಲ್ಲಿ ಒಬ್ಬನೂ ಕ್ರೂರಿಯಲ್ಲ. ತಿರುವು ಇತ್ತು, ಎಂಟು ನಾಯಿಗಳಿದ್ದವು, ಶಸ್ತ್ರಚಿಕಿತ್ಸೆಯ ಬೆಲೆ ನಾಯಿ ಮುಂದೆ ಗೆಲ್ಲಬಹುದಾದ ಹಣಕ್ಕಿಂತ ಹೆಚ್ಚಿತ್ತು. ಸಿಡ್ನಿಯ ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು, ಅದೂ ಓಟದ ಸಂಸ್ಥೆಯೇ ಒಪ್ಪಿಸಿದ ಅಧ್ಯಯನದಲ್ಲಿ, ಎಂಟರ ಬದಲು ಆರು ನಾಯಿಗಳನ್ನು ಓಡಿಸಿ, ನೇರ ಟ್ರ್ಯಾಕ್ ಕಟ್ಟಿ ಎಂದು ಹೇಳಿದ್ದಾರೆ. ವಿಕ್ಟೋರಿಯಾದ ಹೀಲ್ಸ್‌ವಿಲ್‌ನಲ್ಲಿ ನೇರ ಟ್ರ್ಯಾಕ್ ಇದೆ ಕೂಡ. ಆದರೆ ಬಹುಪಾಲು ಟ್ರ್ಯಾಕ್‌ಗಳಲ್ಲಿ ತಿರುವುಗಳು ಹಾಗೆಯೇ ಇವೆ.

ಇನ್ನು ದತ್ತು. ನಿಮ್ಮ ನಾಯಿಗೆ ಒಂದು ಮನೆ ಸಿಗಬಹುದು. ಓಡಲಾರದ ಅದರ ಒಡಹುಟ್ಟಿದವುಗಳ ಗತಿಯೇನು? ಮೆಕ್‌ಹ್ಯೂ ವರದಿಯಲ್ಲಿ ನನ್ನನ್ನು ಇಂದಿಗೂ ಬಿಡದಿರುವ ಲೆಕ್ಕ ಇದು: 12 ವರ್ಷಗಳಲ್ಲಿ ಆ ಒಂದು ರಾಜ್ಯದಲ್ಲಿ ಹುಟ್ಟಿಸಿದ ಗ್ರೇಹೌಂಡ್‌ಗಳು 97,783. ಅವುಗಳಲ್ಲಿ 48,891ರಿಂದ 68,448ರವರೆಗೆ ಸಾಕಷ್ಟು ವೇಗವಿಲ್ಲವೆಂದು ಕೊಲ್ಲಲ್ಪಟ್ಟವು. ವರದಿ ಬಂದಾಗಲೇ ನಾನು ಈ ಸಾಲನ್ನು ಪತ್ರಿಕೆಯಲ್ಲಿ ಓದಿದ್ದೆ, ಓದಿಯೂ ನನ್ನ ನಾಯಿಗೆ ಇದು ಸಂಬಂಧಿಸಿದ್ದಲ್ಲ ಎಂದುಕೊಂಡಿದ್ದೆ. ಆದರೆ ಪಾಲು ಕೊಳ್ಳುವ ಪ್ರತಿಯೊಬ್ಬನ ಹಣವೂ ಮುಂದಿನ ಸೂಲಿಗೆ ದಾರಿ ಮಾಡುತ್ತದೆ. ನಿಯಮಗಳು ಆಮೇಲೆ ಬಿಗಿಯಾಗಿವೆ, ಪ್ರತ್ಯೇಕ ಮೇಲ್ವಿಚಾರಣಾ ಆಯೋಗವೂ ಬಂದಿದೆ, ಒಪ್ಪುತ್ತೇನೆ. ಆದರೂ 2024ರಲ್ಲಿ ಅದೇ ರಾಜ್ಯದ ಓಟದ ಸಂಸ್ಥೆಯಲ್ಲಿ ಮುಖ್ಯ ಪಶುವೈದ್ಯರಾಗಿದ್ದ ಅಲೆಕ್ಸ್ ಬ್ರಿಟನ್ ಹುದ್ದೆ ಬಿಡುವಾಗ ಬರೆದ ಟಿಪ್ಪಣಿ ಬಯಲಾಯಿತು. ಮನೆ ಸಿಗದೆ ಕೆನಲ್‌ಗಳಲ್ಲಿ ಕೊಳೆಯುತ್ತಿರುವ ನಾಯಿಗಳ ಯಾತನೆ ಅದರಲ್ಲಿತ್ತು. ಸಂಸ್ಥೆಯ ಮುಖ್ಯಾಧಿಕಾರಿ ರಾಜೀನಾಮೆ ಕೊಟ್ಟರು, ಮತ್ತೊಂದು ವಿಚಾರಣೆ ಶುರುವಾಯಿತು.

"ನಮ್ಮ ಕಡೆ ಕಂಬಳ ಇಲ್ಲವೇ, ಸುಪ್ರೀಂ ಕೋರ್ಟೇ ಒಪ್ಪಿದೆ" ಎಂದೂ ಕೇಳಿದ್ದೀರಿ. 2023ರ ತೀರ್ಪು ನಿಜ. ಕಂಬಳದ ಬಾರುಕೋಲಿನ ಬಗ್ಗೆ ನನಗೂ ತಕರಾರುಗಳಿವೆ, ಅದನ್ನು ಬೇರೆ ಕಡೆ ಮಾತಾಡೋಣ. ಆದರೆ ಕಂಬಳ ಒಂದು ಋತುವಿನ ಮಾತು, ಊರಿಗೆ ಊರೇ ಗದ್ದೆಯ ಸುತ್ತ ನಿಂತಿರುತ್ತದೆ. ಇಲ್ಲಿ ಟಿಲ್ಲಿ ಬಿದ್ದ ಸಂಜೆ ಮೆಟ್ಟಿಲುಗಳ ಮೇಲೆ ಬೆರಳೆಣಿಕೆಯ ಜನರಿದ್ದೆವು. ಓಟ ನಡೆಯುವುದು ಎಲ್ಲೋ ಪಬ್‌ನಲ್ಲಿ, ಮೊಬೈಲಿನಲ್ಲಿ ಬಾಜಿ ಕಟ್ಟುವವರಿಗಾಗಿ. ಅವರಿಗೆ ಕೆಲವು ನಿಮಿಷಗಳಿಗೊಂದು ಓಟ ಬೇಕು, ಅದಕ್ಕೆ ವರ್ಷವಿಡೀ ನಾಯಿಗಳು ಬೇಕು. ಕಾನೂನು ಒಪ್ಪಿದೆ ಎಂಬುದೇ ನಿಮ್ಮ ಆಧಾರವಾದರೆ, ಕ್ಯಾನ್‌ಬೆರಾದಲ್ಲಿ 2018ರಲ್ಲೇ ಇದು ನಿಂತಿತು. ಫ್ಲಾರಿಡಾದ ಮತದಾರರು ಅದೇ ವರ್ಷ ಬೇಡವೆಂದರು. ನ್ಯೂಜಿಲೆಂಡ್ ಸರ್ಕಾರ 2024ರ ಡಿಸೆಂಬರಿನಲ್ಲಿ ನಿಷೇಧ ಘೋಷಿಸಿತು, ಮರುವರ್ಷ ಟ್ಯಾಸ್ಮೇನಿಯಾದ ಪ್ರೀಮಿಯರ್ 2029ರೊಳಗೆ ಮುಗಿಸುತ್ತೇವೆ ಎಂದರು.

ನಾಯಿಯ ಮೇಲಿನ ಪ್ರೀತಿಯೇ ಕಾರಣವಾದರೆ ಓಟ ಬಿಟ್ಟ ಗ್ರೇಹೌಂಡ್ ಒಂದನ್ನು ಮನೆಗೆ ತನ್ನಿ. ನಾವೀಗ ಹಾಗೆ ಮಾಡಿದ್ದೇವೆ. ಕೆನಲ್‌ನಲ್ಲೇ ಬೆಳೆದದ್ದರಿಂದ ಮೆಟ್ಟಿಲು ಗೊತ್ತಿರುವುದಿಲ್ಲ, ಗಾಜಿನ ಬಾಗಿಲಿಗೆ ಮುಖ ಹೊಡೆದುಕೊಳ್ಳುತ್ತದೆ, ಗಾಜಿಗೆ ಕಾಗದ ಅಂಟಿಸಿ. ಚರ್ಮ ತೆಳು, ಮೈಯಲ್ಲಿ ಕೊಬ್ಬಿಲ್ಲ, ಇಲ್ಲಿನ ಜೂನ್ ಜುಲೈ ಚಳಿಗೆ ಹೊದಿಕೆ ಬೇಕು, ಬರಿ ನೆಲದ ಮೇಲೆ ಮಲಗಿಸಬೇಡಿ. ದಿನದ ಬಹುಪಾಲು ನಿದ್ದೆ ಮಾಡುತ್ತದೆ, ಅಪಾರ್ಟ್‌ಮೆಂಟಿಗೂ ಒಗ್ಗುತ್ತದೆ. ಬೇಲಿ ಇಲ್ಲದ ಬಯಲಿನಲ್ಲಿ ಮಾತ್ರ ಹಗ್ಗ ಬಿಚ್ಚಬೇಡಿ. ಮನೆಯಲ್ಲಿ ಬೆಕ್ಕಿದ್ದರೆ ದತ್ತು ಕೇಂದ್ರದವರಿಗೆ ಮೊದಲೇ ತಿಳಿಸಿ, ಬೆಕ್ಕಿನೆದುರು ನಿಲ್ಲಿಸಿ ಪರೀಕ್ಷಿಸಿದ ನಾಯಿಯನ್ನೇ ಹುಡುಕಿಕೊಡುತ್ತಾರೆ.