ತಪ್ಪು ಸ್ಥಿರಾಂಕವನ್ನೂ ಅಳಿಸಬೇಡಿ

ಡಿಟೆಕ್ಟರ್‌ಗಳ ಕ್ಯಾಲಿಬ್ರೇಷನ್ (ಅವುಗಳ ಸಂಕೇತವನ್ನು ಸರಿಯಾದ ಅಳತೆಗೆ ತರುವ ಸ್ಥಿರಾಂಕಗಳನ್ನು ಗೊತ್ತುಪಡಿಸುವುದು) ಕುರಿತು ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಮರಳಿ ಮರಳಿ ಬರುತ್ತದೆ. ಹಿಂದೆ ಎರಡು ಸಾಲಿನಲ್ಲಿ ಉತ್ತರಿಸಿ ಸುಮ್ಮನಾಗಿದ್ದೆ. ಅದು ಸಾಲಲಿಲ್ಲ ಎಂದು ಕಾಣುತ್ತದೆ. ಹೀಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ ಮೀಸಲು. ಪೆಡೆಸ್ಟಲ್ ಎಂದರೇನು, ಗೇನ್ ಎಂದರೇನು ಎಂದು ವಿವರಿಸುವುದಿಲ್ಲ. ಈ ಕೆಲಸಕ್ಕೆ ಕೈಹಾಕಿದವರಿಗೆ ಅಷ್ಟು ತಿಳಿದಿರಲೇಬೇಕು.

ಪ್ರಶ್ನೆ: ಕಣಗಳ ಶಕ್ತಿ ಅಳೆಯುವ ನಮ್ಮ ಕ್ಯಾಲೊರಿಮೀಟರಿನ ಕಳೆದ ತಿಂಗಳ ಗೇನ್ ಸ್ಥಿರಾಂಕಗಳಲ್ಲಿ ತಪ್ಪು ಸಿಕ್ಕಿದೆ. ಸರಿಯಾದ ಮೌಲ್ಯಗಳು ಈಗ ಕೈಯಲ್ಲಿವೆ. ಡೇಟಾಬೇಸಿನಲ್ಲಿರುವುದನ್ನು ಅಲ್ಲಿಯೇ ತಿದ್ದಿದರೆ ಎಲ್ಲರಿಗೂ ಸರಿಯಾದದ್ದೇ ಸಿಗುತ್ತದಲ್ಲವೇ? ಹೊಸ ಆವೃತ್ತಿ ಮಾಡಿದರೆ ಗೊಂದಲವೇ ಹೆಚ್ಚು ಎಂದು ನಮ್ಮ ಗುಂಪಿನ ಹಿರಿಯರು ಹೇಳುತ್ತಾರೆ.

ತಿದ್ದಬೇಡಿ. ನಿಮ್ಮ ಹಿರಿಯರು ಹೇಳಿದ್ದು ತಪ್ಪು. ಎಷ್ಟೋ ಗುಂಪುಗಳಲ್ಲಿ ಇದೇ ಮಾತು ಅನುಭವದ ಹೆಸರಿನಲ್ಲಿ ಓಡಾಡುತ್ತಿರುವುದರಿಂದ ಇದನ್ನು ನೇರವಾಗಿಯೇ ಹೇಳಬೇಕಾಗಿದೆ.

ಮೊದಲು ಟ್ರಿಗರ್ ಬಗ್ಗೆ ಯೋಚಿಸಿ. ಘರ್ಷಣೆ ನಡೆದ ಆ ಗಳಿಗೆಯಲ್ಲಿ ಯಾವ ಘಟನೆಯನ್ನು ಉಳಿಸಬೇಕು, ಯಾವುದನ್ನು ಎಸೆಯಬೇಕು ಎಂದು ಟ್ರಿಗರ್ ನಿರ್ಧರಿಸಿದ್ದು ಆಗ ಡೇಟಾಬೇಸಿನಲ್ಲಿದ್ದ ಸ್ಥಿರಾಂಕಗಳ ಮೇಲೆ, ಅಂದರೆ ನಿಮ್ಮ ತಪ್ಪು ಸ್ಥಿರಾಂಕಗಳ ಮೇಲೆ. ಗೇನ್ ಕಡಿಮೆ ಇದ್ದ ಕಾರಣಕ್ಕೆ ಮಿತಿಯ ಕೆಳಗೆ ಬಿದ್ದ ಘಟನೆಗಳು ಹೋದವು. ಯಾವ ತಿದ್ದುಪಡಿಯೂ ಅವುಗಳನ್ನು ಮರಳಿ ತರಲಾರದು. ಈಗ ನಿಮಗೆ ಉಳಿದಿರುವುದು, ಎಷ್ಟು ಹೋದವು ಎಂದು ಲೆಕ್ಕ ಹಾಕುವುದು ಮಾತ್ರ. ಅದಕ್ಕಾಗಿ ಸಿಮ್ಯುಲೇಷನ್‌ನಲ್ಲಿ ಟ್ರಿಗರನ್ನು ಅದೇ ತಪ್ಪು ಸ್ಥಿರಾಂಕಗಳೊಂದಿಗೆ ನಡೆಸಬೇಕು. ಅವನ್ನೇ ಅಳಿಸಿದರೆ ಟ್ರಿಗರಿನ ದಕ್ಷತೆಯನ್ನು ಯಾವುದರಿಂದ ಅಳೆಯುತ್ತೀರಿ? ತಪ್ಪು ಸ್ಥಿರಾಂಕವೂ ಪ್ರಯೋಗದ ದತ್ತಾಂಶವೇ.

ಪ್ರತಿ ಸ್ಥಿರಾಂಕಕ್ಕೆ ಎರಡು ಕಾಲಗಳಿವೆ. ಡಿಟೆಕ್ಟರ್ ಯಾವ ರನ್‌ನಿಂದ (ದತ್ತಾಂಶ ಕಲೆಹಾಕುವ ಒಂದು ಸರದಿಯೇ ರನ್) ಯಾವ ರನ್‌ವರೆಗೆ ಹಾಗಿತ್ತು ಎಂಬುದು ಒಂದು. ಹಾಗಿತ್ತೆಂದು ನಾವು ಯಾವಾಗ ತಿಳಿದುಕೊಂಡೆವು ಎಂಬುದು ಇನ್ನೊಂದು. ಮೊದಲನೆಯದನ್ನು ಸಿಂಧುತ್ವದ ಅವಧಿ ನೋಡಿಕೊಳ್ಳುತ್ತದೆ, ಎರಡನೆಯದನ್ನು ಟ್ಯಾಗ್, ಅಂದರೆ ಆವೃತ್ತಿಯ ಹೆಸರು. ನೂರಾರು ಟ್ಯಾಗ್‌ಗಳನ್ನು ಒಂದು ಹೆಸರಿನಡಿ ಕಟ್ಟಿಟ್ಟರೆ ಅದು ಗ್ಲೋಬಲ್ ಟ್ಯಾಗ್. ಇದ್ದ ಜಾಗದಲ್ಲೇ ತಿದ್ದುವವರು ಈ ಎರಡು ಕಾಲಗಳನ್ನು ಒಂದಾಗಿಸುತ್ತಾರೆ. ಆಮೇಲೆ "ಮಾರ್ಚ್‌ನಲ್ಲಿ ಮಾಡಿದ ವಿಶ್ಲೇಷಣೆಗೆ ಯಾವ ಗೇನ್ ಬಳಸಿದ್ದಿರಿ?" ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿರುವುದಿಲ್ಲ.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಸಿಎಂಎಸ್ ಪ್ರಯೋಗವನ್ನು ನೋಡಿ. ಅದರ ವಿದ್ಯುತ್ಕಾಂತೀಯ ಕ್ಯಾಲೊರಿಮೀಟರಿನಲ್ಲಿ 75,848 ಲೆಡ್ ಟಂಗ್‌ಸ್ಟೇಟ್ ಹರಳುಗಳಿವೆ. ವಿಕಿರಣ ಬಿದ್ದಂತೆ ಅವುಗಳ ಪಾರದರ್ಶಕತೆ ತಗ್ಗುತ್ತದೆ, ಕಿರಣಪುಂಜ ನಿಂತಾಗ ಒಂದಿಷ್ಟು ಮರಳುತ್ತದೆ. ಲೇಸರ್ ಹಾಯಿಸಿ ಈ ಏರಿಳಿತವನ್ನು ಸತತವಾಗಿ ಅಳೆಯುತ್ತಾರೆ. ಘರ್ಷಣೆಯ ಸುಮಾರು 48 ಗಂಟೆಗಳ ನಂತರ ಮೊದಲ ಪೂರ್ಣ ಪುನಾರಚನೆ (ಸಂಕೇತಗಳಿಂದ ಕಣಗಳನ್ನು ಗುರುತಿಸುವ ಲೆಕ್ಕ) ಆರಂಭವಾಗುವುದರೊಳಗೆ ಒಂದು ಸುತ್ತಿನ ಸ್ಥಿರಾಂಕಗಳು ಸಿದ್ಧವಾಗುತ್ತವೆ. ತಿಂಗಳುಗಳ ಬಳಿಕ, ಹೆಚ್ಚು ದತ್ತಾಂಶ ಕೂಡಿಬಂದಾಗ, ಅದೇ ರನ್‌ಗಳಿಗೆ ಇನ್ನಷ್ಟು ನಿಖರವಾದ ಸ್ಥಿರಾಂಕಗಳು ಬರುತ್ತವೆ. ಒಂದೇ ರನ್‌ಗೆ ಎರಡು ಮೂರು ಮೌಲ್ಯಗಳಿರುವುದು ಸಹಜ. ಅವುಗಳಿಗೆ ಬೇರೆ ಬೇರೆ ಹೆಸರಿಲ್ಲದಿದ್ದರೆ ಮಾತ್ರ ಗೊಂದಲ.

ಇನ್ನೊಂದು ಅಪಾಯ ಕ್ಯಾಶ್‌ನದು, ಅಂದರೆ ಒಮ್ಮೆ ಓದಿದ್ದರ ಪ್ರತಿಯನ್ನು ಇಟ್ಟುಕೊಳ್ಳುವ ಸಂಗ್ರಹದ್ದು. ಸಾವಿರಾರು ಕಂಪ್ಯೂಟರ್‌ಗಳು ಒಂದೇ ಡೇಟಾಬೇಸಿನ ಬಾಗಿಲು ಬಡಿಯಬಾರದೆಂದು ನಡುವೆ ಸ್ಕ್ವಿಡ್‌ನಂಥ ಕ್ಯಾಶ್‌ಗಳನ್ನು ಇಡುತ್ತಾರೆ. ಒಮ್ಮೆ ಬರೆದದ್ದು ಬದಲಾಗುವುದಿಲ್ಲ ಎಂಬ ಭರವಸೆ ಇದ್ದರೆ ಈ ವ್ಯವಸ್ಥೆಗೆ ತೊಂದರೆಯೇ ಇಲ್ಲ. ಆ ಭರವಸೆ ಮುರಿದಾಗ ಏನಾಗುತ್ತದೆ ಎಂಬುದನ್ನು ನಾನು ಅನುಭವಿಸಿದ್ದೇನೆ. ಹಲವು ವರ್ಷಗಳ ಹಿಂದೆ ನಾನಿದ್ದ ಒಂದು ಪ್ರಯೋಗದಲ್ಲಿ ಇಬ್ಬರು ವಿದ್ಯಾರ್ಥಿಗಳು ಒಂದೇ ದತ್ತಾಂಶ, ಒಂದೇ ಪ್ರೋಗ್ರಾಂ, ಒಂದೇ ಟ್ಯಾಗ್ ಬಳಸಿದರೂ ಅವರ ಗ್ರಾಫ್‌ಗಳಲ್ಲಿನ ಶೃಂಗಗಳು ಬೇರೆ ಬೇರೆ ಜಾಗದಲ್ಲಿ ನಿಂತವು. ಎರಡು ವಾರ ಇಬ್ಬರೂ ತಮ್ಮ ತಮ್ಮ ಪ್ರೋಗ್ರಾಂಗಳಲ್ಲಿ ಇಲ್ಲದ ತಪ್ಪನ್ನು ಹುಡುಕಿದರು. ಒಬ್ಬಳಂತೂ ತನ್ನ ಸಾಮರ್ಥ್ಯವನ್ನೇ ಶಂಕಿಸತೊಡಗಿದಳು. ಕೊನೆಗೆ ತಿಳಿದದ್ದು ಇಷ್ಟು: ಯಾರೋ ರಾತ್ರಿ ಸ್ಥಿರಾಂಕಗಳನ್ನು "ಸರಿಪಡಿಸಿದ್ದರು". ಅರ್ಧ ಯಂತ್ರಗಳಿಗೆ ಹೊಸದು ಸಿಕ್ಕಿತ್ತು, ಉಳಿದವು ಕ್ಯಾಶ್‌ನಲ್ಲಿದ್ದ ಹಳೆಯದನ್ನೇ ಓದಿದ್ದವು. ಆ ಎರಡು ವಾರಗಳನ್ನು ನಾನು ಮರೆತಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಹೊಸ ಮೌಲ್ಯಗಳನ್ನು ಹೊಸ ಟ್ಯಾಗ್‌ನಲ್ಲಿ, ತಪ್ಪು ಶುರುವಾದ ರನ್‌ನಿಂದ ಅದು ಮುಗಿದ ರನ್‌ವರೆಗಿನ ಅವಧಿಗೆ ಬರೆಯಿರಿ. ಯಾವ ದತ್ತಾಂಶದಿಂದ, ಪ್ರೋಗ್ರಾಂನ ಯಾವ ಆವೃತ್ತಿಯಿಂದ, ಯಾರು ಲೆಕ್ಕ ಹಾಕಿದರು ಎಂಬುದನ್ನು ಅದರೊಂದಿಗೇ ದಾಖಲಿಸಿ. ನಂತರ ಗೊತ್ತಿರುವ ಒರೆಗಲ್ಲಿಗೆ ಉಜ್ಜಿ ನೋಡಿ. ಝಡ್ ಬೋಸಾನ್ ಎಂಬ ಕಣ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಆಗಿ ಒಡೆಯುವ ಶೃಂಗ 91.19 ಜಿಇವಿ (ಗಿಗಾ ಎಲೆಕ್ಟ್ರಾನ್ ವೋಲ್ಟ್) ಹತ್ತಿರ ಇರಬೇಕು. ಶಕ್ತಿಯ ಅಳತೆ ಶೇಕಡಾ 1ರಷ್ಟು ಜಾರಿದ್ದರೆ ಶೃಂಗ ಸುಮಾರು 0.9 ಜಿಇವಿ ಸರಿದಿರುತ್ತದೆ, ಕಣ್ಣಿಗೇ ಕಾಣುತ್ತದೆ. ಅಷ್ಟಾದ ಮೇಲೆ ಹೊಸ ಗ್ಲೋಬಲ್ ಟ್ಯಾಗ್ ಪ್ರಕಟಿಸಿ, ಹಳೆಯದಕ್ಕೆ ಬೀಗ ಹಾಕಿ, ಅದರಲ್ಲಿ ಏನು ತಪ್ಪಿದೆ ಎಂದು ವಿಶ್ಲೇಷಕರೆಲ್ಲರಿಗೂ ಬರೆದು ತಿಳಿಸಿ. ತಪ್ಪನ್ನು ಸದ್ದಿಲ್ಲದೆ ಸರಿಪಡಿಸುವುದನ್ನು ಕೆಲವರು ಸೌಜನ್ಯವೆಂದು ಭಾವಿಸುತ್ತಾರೆ. ಅದು ಸಹೋದ್ಯೋಗಿಗಳಿಂದ ಸತ್ಯವನ್ನು ಮುಚ್ಚಿಡುವುದು.

ಪ್ರಶ್ನೆ: ಇದಕ್ಕೆಲ್ಲ ಕಡತಗಳ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ಸಾಕಲ್ಲವೇ?

ಸ್ಥಿರಾಂಕಗಳು ಸಣ್ಣ ಪಠ್ಯ ಕಡತಗಳಾಗಿದ್ದರೆ ಸಾಕು, ಸರ್ನ್‌ನದೇ ಎಲ್‌ಎಚ್‌ಸಿಬಿ ಪ್ರಯೋಗ ಗಿಟ್ಟನ್ನೇ ಬಳಸಿದೆ. ಆದರೆ ಸಿಂಧುತ್ವದ ಅವಧಿ ಗಿಟ್‌ಗೆ ತಾನಾಗಿ ತಿಳಿಯದು, ಅದನ್ನು ನೀವೇ ಕಟ್ಟಿಕೊಳ್ಳಬೇಕು. ಗಿಗಾಬೈಟ್ ಗಾತ್ರದ ಬೈನರಿ ಕಡತಗಳನ್ನು ಮಾತ್ರ ದಯವಿಟ್ಟು ಅದರೊಳಗೆ ತುರುಕಬೇಡಿ.

ಪ್ರಶ್ನೆ: ವಿಶ್ಲೇಷಣೆಯಲ್ಲಿ "ಇತ್ತೀಚಿನದು" ಎಂಬ ಟ್ಯಾಗ್ ಬಳಸಬಹುದೇ?

ಪ್ರಕಟಣೆಗೆ ಹೋಗುವ ಯಾವುದರಲ್ಲಿಯೂ ಕೂಡದು.

ಪ್ರಶ್ನೆ: ಒಂದು ರನ್‌ಗೆ ಸ್ಥಿರಾಂಕವೇ ಇಲ್ಲದಿದ್ದರೆ ನಮ್ಮ ಪ್ರೋಗ್ರಾಂ ಪಕ್ಕದ ರನ್‌ನದನ್ನು ತಾನೇ ತೆಗೆದುಕೊಳ್ಳುತ್ತದೆ. ಇದು ಅನುಕೂಲವೇ?

ಇದು ಅನಾಹುತ. ಪ್ರೋಗ್ರಾಂ ಅಲ್ಲಿಯೇ ನಿಲ್ಲಬೇಕು. ಪಕ್ಕದ ರನ್‌ನ ಮೌಲ್ಯ ಸಾಕು ಎಂದು ಯಾರಾದರೂ ನಿರ್ಧರಿಸಿದರೆ ಅವರು ಅದನ್ನು ಡೇಟಾಬೇಸಿನಲ್ಲಿ ತಮ್ಮ ಹೆಸರಿನಲ್ಲಿ ಬರೆಯಲಿ.

ಪ್ರಶ್ನೆ: ಯಂತ್ರಕಲಿಕೆ ಬಂದ ಮೇಲೆ ಡಿಟೆಕ್ಟರ್ ತನ್ನನ್ನು ತಾನೇ ಕ್ಯಾಲಿಬ್ರೇಟ್ ಮಾಡಿಕೊಳ್ಳುತ್ತದೆ, ಆವೃತ್ತಿಗಳ ಗೊಡವೆ ಇನ್ನಿಲ್ಲ ಎಂದು ಒಬ್ಬರು ಉಪನ್ಯಾಸದಲ್ಲಿ ಹೇಳಿದರು.

ಹಾಗೆ ಹೇಳುವವರು ಒಂದು ಪ್ರಯೋಗದ ದತ್ತಾಂಶವನ್ನು ಹತ್ತು ವರ್ಷದ ನಂತರ ಮತ್ತೆ ತೆರೆದು ನೋಡಿದವರಲ್ಲ. ನರಜಾಲದ ತೂಕಗಳೂ ಸ್ಥಿರಾಂಕಗಳೇ. ಅವು ಯಾವ ದತ್ತಾಂಶದಿಂದ, ಯಾವ ಗ್ಲೋಬಲ್ ಟ್ಯಾಗ್‌ನಿಂದ ಕಲಿತವು ಎಂಬುದನ್ನೂ ದಾಖಲಿಸಬೇಕಾಗಿರುವುದರಿಂದ ಆವೃತ್ತಿಗಳ ಕೆಲಸ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಪ್ರಶ್ನೆ: ಡೇಟಾಬೇಸಿಗೆ ಬರೆಯುವ ಅಧಿಕಾರ ಯಾರಿಗಿರಬೇಕು?

ಪ್ರತಿ ಉಪವ್ಯವಸ್ಥೆಗೆ ಇಬ್ಬರಿಗೆ: ಸಿದ್ಧಪಡಿಸುವವರೊಬ್ಬರು, ಪರೀಕ್ಷಿಸಿ ಒಪ್ಪುವವರು ಇನ್ನೊಬ್ಬರು. ಇಷ್ಟು ವರ್ಷವಾದರೂ ನಾನು ಲೆಕ್ಕ ಹಾಕಿದ ಸ್ಥಿರಾಂಕವನ್ನು ನಾನೇ ಒಪ್ಪಿ ಏರಿಸುವುದಿಲ್ಲ. ಎರಡನೆಯವರು ರಜೆಯಲ್ಲಿದ್ದರೆ ಕಾಯುತ್ತೇನೆ.